ಮೊದಲು ಶೇಂಗಾ, ಆಮೇಲೆ ಗುರುತು

ಚಿತ್ರದುರ್ಗ

ಪ್ರೀತಿಯ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ಪುಟ್ಟನ ನೋಟ್‌ಬುಕ್ಕಿನಲ್ಲಿ 'ದೊಡ್ಡದು ಯಾವುದು, ಚಿಕ್ಕದು ಯಾವುದು' ಲೆಕ್ಕಕ್ಕೆಲ್ಲ ಕೆಂಪು ಗೀಟು ಬಿದ್ದಿದೆ, ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತುತ್ತಿಲ್ಲ, ಸಿಟ್ಟಿಗೆ ಒಂದೇಟು ಕೊಟ್ಟೆ ಅಂದೆ. ಬೇಡಮ್ಮಾ. ಅವನಿನ್ನೂ ಯುಕೆಜಿ. ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತವಳು ನಾನು. ನನಗೆ ತಿಳಿದಷ್ಟು ಬರೆಯುತ್ತೇನೆ, ನಿಧಾನವಾಗಿ ಓದು.

ದಸರಾ ರಜೆಗೆ ಅವನು ಇಲ್ಲಿಗೆ ಬಂದಿದ್ದನಲ್ಲ, ಆಗ ನಾನು ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದೆ. ಐದು ಕಾಳು ಒಂದು ಸಾಲು ಇಟ್ಟೆ. ಅದರ ಕೆಳಗೆ ಸರಿಯಾಗಿ ಇನ್ನೈದು. 'ಎರಡೂ ಒಂದೇ' ಅಂದ. ಅವನ ಕಣ್ಣೆದುರೇ ಕೆಳಗಿನ ಸಾಲನ್ನು ಸ್ವಲ್ಪ ಅಗಲ ಮಾಡಿದೆ. 'ಈಗ?' ಅಂದರೆ ಅಗಲ ಮಾಡಿದ ಸಾಲು ತೋರಿಸಿ, 'ಇದು ಜಾಸ್ತಿ' ಅಂದ. ಎಣಿಸು ಅಂದರೆ ಎರಡನ್ನೂ ಐದೈದು ಅಂತ ಸರಿಯಾಗಿಯೇ ಎಣಿಸಿದ. ಆದರೂ ಇದೇ ಜಾಸ್ತಿ ಅಂತ ಹಟ!

ಇದು ದಡ್ಡತನ ಅಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಇದನ್ನೇ ಮಕ್ಕಳ ಮುಂದೆ ಇಟ್ಟು ನೋಡಿ ಬರೆದಿದ್ದಾರೆ. ಟಿಸಿಎಚ್ (ಶಿಕ್ಷಕರ ತರಬೇತಿ) ಓದುವಾಗ ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮಕ್ಕಳ ಪಕ್ಕ ಕೂತ ಮೇಲೆ. ಈ ವಯಸ್ಸಿನಲ್ಲಿ ಎಣಿಕೆಗಿಂತ ಕಣ್ಣಿನ ಮಾತೇ ಮಗುವಿಗೆ ನಿಜ.

ನಾನು ತಿದ್ದಲಿಲ್ಲ. 'ಮೇಲಿನದೊಂದು ನಿನಗೆ, ಕೆಳಗಿನದೊಂದು ನನಗೆ' ಅಂತ ಜೊತೆಜೊತೆಗೆ ತಿನ್ನುತ್ತಾ ಹೋದೆವು. ಕೊನೆಗೆ ಖಾಲಿ ನೆಲ ನೋಡಿ, 'ಅಜ್ಜಿ, ಎರಡೂ ಖಾಲಿ' ಅಂದ. ಮಾರನೇ ದಿನ ಆರು ಕಾಳನ್ನು ಒತ್ತಾಗಿಟ್ಟೆ, ಐದನ್ನು ಅಗಲವಾಗಿಟ್ಟೆ. ತಿಂದು ಮುಗಿಸುವಾಗ ಅವನ ಸಾಲಿನಲ್ಲಿ ಒಂದು ಉಳಿಯಿತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆ ತನಕ ಓಡಿದ. ಆ ಉಳಿದ ಒಂದು ಕಾಳೇ ಪಾಠ. ಯಾರ ಹತ್ತಿರ ಉಳಿಯಿತೋ ಅವರದ್ದು ಜಾಸ್ತಿ. ತಟ್ಟೆಗೊಂದು ಲೋಟ, ಚಪ್ಪಲಿ ಜೋಡಿ, ಅಳಗುಳಿ ಮಣೆಯ ಹುಣಸೆ ಬೀಜ, ಹೀಗೆ ಮನೆಯಲ್ಲಿ ಜೋಡಿಸಿ ನೋಡುವುದಕ್ಕೆ ಏನು ಕಮ್ಮಿ?

ಮಾತಿನ ಮೇಲೂ ಗಮನ ಇರಲಿ. 'ಜಾಸ್ತಿ' ಅನ್ನುವುದು ಮಕ್ಕಳಿಗೆ ಬೇಗ ಬರುತ್ತದೆ, 'ಕಡಿಮೆ' ತಡ. ಎರಡನ್ನೂ ಬಳಸು. ಶುರುವಿನಲ್ಲಿ 'ದೊಡ್ಡ ಸಂಖ್ಯೆ' ಅನ್ನಬೇಡ. ದಪ್ಪಕ್ಕೆ ಬರೆದ 3, ಸಣ್ಣಗೆ ಬರೆದ 8 ಪಕ್ಕಪಕ್ಕ ಇದ್ದರೆ ಮಗು 3 ಅನ್ನೇ ತೋರಿಸುತ್ತದೆ. ನಾವು ಕೇಳಿದ್ದಕ್ಕೆ ಅದು ಸರಿಯಾಗಿಯೇ ಹೇಳಿದೆ ಅಲ್ವಾ?

ಒಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹುಡುಗಿ 12ಕ್ಕಿಂತ 9 ದೊಡ್ಡದು ಅಂತ ಸ್ಲೇಟಿನಲ್ಲಿ ಬರೆದಳು. ನಾನು ಕೇಳಲೇ ಇಲ್ಲ, ಎಲ್ಲರೆದುರು ತಪ್ಪು ಅಂತ ಅಳಿಸಿಬಿಟ್ಟೆ. ಅಂದಿನಿಂದ ಅವಳು ಪಕ್ಕದವಳ ಸ್ಲೇಟು ನೋಡಿಯೇ ಬರೆದಳು. ಎಷ್ಟೋ ತಿಂಗಳಾದ ಮೇಲೆ ಹತ್ತಿರ ಕೂರಿಸಿಕೊಂಡು ಕೇಳಿದೆ. 'ಅದರಲ್ಲಿ ಇರೋದು ಒಂದು ಮತ್ತೆ ಎರಡು ಮಿಸ್, ಒಂಬತ್ತೇ ದೊಡ್ಡದಲ್ವಾ' ಅಂದಳು. ಅವಳ ಲೆಕ್ಕ ಅವಳಿಗೆ ಸರಿ ಇತ್ತು. ಪುಟ್ಟ ತಪ್ಪು ಹೇಳಿದಾಗ ಮೊದಲು 'ಹೆಂಗೆ ಗೊತ್ತಾಯ್ತು?' ಅಂತ ಕೇಳು. ಉತ್ತರ ಪೂರ್ತಿ ಕೇಳಿಸಿಕೋ.

ಹತ್ತು ದಾಟಿದ ಮೇಲೆ ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕು. 19 ಅಂದರೆ ಒಂದು ಕಟ್ಟು, ಒಂಬತ್ತು ಬಿಡಿ. 21 ಅಂದರೆ ಎರಡು ಕಟ್ಟು, ಒಂದು ಬಿಡಿ. ಮೊದಲು ಕಟ್ಟು ನೋಡಬೇಕು ಅನ್ನುವುದು ಕೈಗೇ ಗೊತ್ತಾಗುತ್ತದೆ. ನಮ್ಮ ಕನ್ನಡವೂ ಇಲ್ಲಿ ದೊಡ್ಡ ಸಹಾಯ. ಇಪ್ಪತ್ತು ಮೊದಲು, ಒಂದು ಆಮೇಲೆ: ಇಪ್ಪತ್ತೊಂದು. ಬಿಡಿಸಿ ಬಿಡಿಸಿ ಹೇಳಿಸು.

ಇನ್ನು ಆ ಮೊಸಳೆ ಬಾಯಿ, ಅಂದರೆ ಹೆಚ್ಚು ಕಡಿಮೆ ತೋರಿಸುವ > < ಗುರುತು. ಮೊಸಳೆ ದೊಡ್ಡದನ್ನು ತಿನ್ನುತ್ತದೆ ಅಂತ ಹೇಳಿಕೊಟ್ಟರೆ ಮಗು ಮೊಸಳೆ ಬರೆಯುವುದನ್ನು ಕಲಿಯುತ್ತದೆ. ಅದರ ಬದಲು ಎಡಗಡೆ ನಾಲ್ಕು ಕಾಳು ಒಂದರ ಕೆಳಗೊಂದು ಇಡು, ಬಲಗಡೆಯೂ ನಾಲ್ಕು. ಮೇಲೊಂದು ಕಡ್ಡಿ, ಕೆಳಗೊಂದು ಕಡ್ಡಿ. ಸಂದು ಎರಡೂ ಕಡೆ ಒಂದೇ, ಅದೇ ಸಮ ಚಿಹ್ನೆ. 1557ರಲ್ಲಿ ಗಣಿತಜ್ಞ ರಾಬರ್ಟ್ ರೆಕಾರ್ಡ್ ಆ ಚಿಹ್ನೆ ತಂದದ್ದೂ ಜೋಡಿ ಗೆರೆಗಳಷ್ಟು ಸಮನಾದದ್ದು ಬೇರೆ ಇಲ್ಲ ಅಂತಲೇ. ಈಗ ಬಲಗಡೆ ಒಂದೇ ಕಾಳು ಉಳಿಸಿ ಕಡ್ಡಿಗಳನ್ನು ಕಾಳಿಗೆ ತಾಗಿಸು. ಬಲತುದಿ ಕೂಡಿಕೊಳ್ಳುತ್ತದೆ, ಎಡತುದಿ ತೆರೆದೇ ಇರುತ್ತದೆ. ಜಾಸ್ತಿ ಇರುವ ಕಡೆ ಅಗಲ. ಈ ಗುರುತು ಅಚ್ಚಾಗಿ ಬಂದದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ಇದಿಲ್ಲದೆಯೇ ಹೆಚ್ಚು ಕಡಿಮೆ ಅಳೆದಿದ್ದಾರೆ. ನಿನ್ನ ಮಗನಿಗಾಗಿ ಆರು ತಿಂಗಳು ಕಾಯಲು ಆಗದೇ?

ಅವನ ಅಕ್ಕನಿಗೆ ಮಾರಿಕಣಿವೆ ಅಣೆಕಟ್ಟಿನ ನೀರಿನ ಮಟ್ಟ ಓದಿಸು. ಪೂರ್ತಿ ಮಟ್ಟ 130 ಅಡಿ. ಕೋಡಿ ಬೀಳಲು ಇನ್ನೆಷ್ಟು ಬೇಕು ಅಂತ ದಿನಾ ಕೇಳು. 1933ರಲ್ಲಿ ಬಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲಿ ಅಂತ ಹೇಳು, ನಡುವಿನ ವರ್ಷ ಅವಳೇ ಲೆಕ್ಕ ಹಾಕಲಿ. ಯಾವುದು ಜಾಸ್ತಿ ಅನ್ನುವುದರ ಮುಂದಿನ ಮೆಟ್ಟಿಲು ಎಷ್ಟು ಜಾಸ್ತಿ ಅನ್ನುವುದು.

ಭಾನುವಾರ ನಿಮ್ಮ ದೊಡ್ಡಪ್ಪ ದಾವಣಗೆರೆಗೆ ಬರುತ್ತಾರೆ. ಎರಡು ಸೇರು ಹಸಿ ಶೇಂಗಾ ಕಳಿಸುತ್ತೇನೆ, ಸುಲಿದಿಲ್ಲ. ಎರಡು ಕಾಳಿನದ್ದು, ಮೂರು ಕಾಳಿನದ್ದು ಬೇರೆ ಮಾಡಲು ಪುಟ್ಟನಿಗೇ ಕೊಡು. ನೋಟ್‌ಬುಕ್ ಅವತ್ತು ಮುಚ್ಚಿಯೇ ಇರಲಿ.

ಇಂತಿ ನಿನ್ನ
ದೊಡ್ಡಮ್ಮ