ಬೋಂಡನಿಗೆ, ಇಟ್ಟಿಗೆಗೂಡಿನಿಂದ

ಲೋ ಬೋಂಡಾ,

ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ. ಹಿಮದಲ್ಲಿ ನಿಂತು ಹಾಕಿದ ಫೋಟೋ ನೋಡಿದೆ. ಆ ಕೆಂಪು ಟೋಪಿ ಹಾಕಿಕೊಂಡರೆ ಥೇಟ್ ನಮ್ಮ ಪಿ.ಟಿ. ಮೇಷ್ಟ್ರು ನೀನು. ಮುಂದೆ ಹೇಳಲ್ಲ, ಇದನ್ನು ಅವರೂ ಓದುತ್ತಾರೆ. ಸಾರ್, ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮಾತಾಡುವುದಕ್ಕೆ ಬಿಡುವುದಿಲ್ಲ. ನಿನಗೆ ಬರೆದ ಪತ್ರವನ್ನು ಊರಿಗೆಲ್ಲ ಓದಿಸುತ್ತೀನಿ ಅಂತ ಹೋದ ಸಲ ನಿನ್ನ ಹೆಂಡತಿ ಬೈದಿದ್ದು ನೆನಪಿದೆ. ಈ ಸಲ ನಿನ್ನ ವಿಷಯ ಏನೂ ಬರಲ್ಲ. ಟಾಂಗಾ ವಿಷಯವಂತೂ ಖಂಡಿತ ಬರಲ್ಲ.

ಭಾನುವಾರ ಒಂದು ಸಿನಿಮಾ ನೋಡಿದೆವು. ಅಷ್ಟೇ ವಿಷಯ. ಪುಟ್ಟಿಗೆ ಈಗ ಏಳು ವರ್ಷ, ಮನೆಯ ಟಿವಿ ಅವಳದ್ದು. ಅವಳು ಹಾಕಿದ್ದು 'ದಿ ಜಂಗಲ್ ಬುಕ್'. 1967ರ ಕಾರ್ಟೂನ್ ಸಿನಿಮಾವನ್ನು 2016ರಲ್ಲಿ ಮತ್ತೆ ಮಾಡಿದರಲ್ಲ, ಅದು. ಕಾಡಿನಲ್ಲಿ ತೋಳಗಳು ಸಾಕಿದ ಹುಡುಗ ಮೌಗ್ಲಿಯ ಕಥೆ. ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಏಪ್ರಿಲ್ 8ಕ್ಕೆ, ನಮ್ಮಲ್ಲಿ ಬಂದಿತ್ತು. 'ನಿಮಗಿಂತ ಮೊದಲು ನಾವು ನೋಡಿದ್ವಿ' ಅಂತ ನಿನಗೆ ಮೆಸೇಜ್ ಹಾಕಿ ಹೊಟ್ಟೆ ಉರಿಸಿದ್ದೆ, ಮರೆತೆಯಾ?

ಅವ್ವ ನೆಲದ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಳು. ಅವರೆ ಕಾಲ ಕಣೋ, ನಿನಗೆ ಹೊಟ್ಟೆ ಉರಿಯಲಿ ಅಂತಲೇ ಹೇಳುತ್ತಿದ್ದೇನೆ. ರಾತ್ರಿ ನೆನೆಸಿಟ್ಟ ಕಾಳು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಒತ್ತಿದರೆ ಬೇಳೆ ಪುಳಕ್ ಅಂತ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಅವ್ವ ಪಾತ್ರೆ ನೋಡುವುದೂ ಇಲ್ಲ. ಕಣ್ಣು ಟಿವಿ ಮೇಲೆ. ಇಂಗ್ಲಿಷ್ ಬರಲ್ಲ, ಹಾಗಾಗಿ ಎರಡು ನಿಮಿಷಕ್ಕೊಮ್ಮೆ 'ಏನಂದ?' ಅನ್ನುತ್ತಾಳೆ. ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಮೊದಲ ಸಲ ಹುಲಿ ಗರ್ಜಿಸಿದಾಗ ಅವ್ವ ಕಿಟಕಿ ಕಡೆ ತಿರುಗಿ, 'ಝೂದ್ದಾ?' ಅಂದಳು. ಇಟ್ಟಿಗೆಗೂಡಿನಲ್ಲಿ ಮನೆ ಮಾಡಿದವರ ಪಾಡು ಇದು. 1892ರಿಂದ ಈ ಬೀದಿಯವರೆಲ್ಲ ಕಾಡಿನ ಪಕ್ಕದಲ್ಲೇ ಮಲಗಿದ್ದಾರೆ ಅನ್ನಬಹುದು. ಕರಡಿ ಬಂದಾಗ 'ಜಾಂಬವಂತ' ಅಂತ ಹೆಸರಿಟ್ಟಳು. ಆಮೇಲೆ ಪುಟ್ಟಿಯೂ ಹಾಗೇ ಕರೆಯಲು ಶುರು ಮಾಡಿದಳು.

ಇದರಲ್ಲಿ ಹುಡುಗ ಒಬ್ಬ ಬಿಟ್ಟರೆ ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಅಂತ ಅವ್ವನಿಗೆ ಹೇಳಿದೆ. ಲಾಸ್ ಏಂಜಲೀಸ್‌ನ ಸ್ಟುಡಿಯೋ ಒಳಗೇ ಶೂಟಿಂಗ್. ನೀಲ್ ಸೇಥಿ ಅನ್ನುವ ಆ ಹುಡುಗನ ಎದುರಿಗೆ ಗೊಂಬೆ ಹಿಡಿದುಕೊಂಡು ನಿಲ್ಲುತ್ತಿದ್ದರಂತೆ, ಅವನು ಅದನ್ನೇ ತೋಳ, ಕರಡಿ ಅಂದುಕೊಂಡು ಮಾತಾಡಬೇಕು. ಅವ್ವ 'ಸುಮ್ಕಿರು' ಅಂದಳು. ನಂಬಲಿಲ್ಲ. ನಂಬಿದರೆ ಸಿನಿಮಾ ಕೆಡುತ್ತೆ ಅಲ್ವಾ.

ನೀರು ಬತ್ತಿ ಬಂಡೆ ಕಾಣಿಸಿಕೊಂಡ ಮೇಲೆ ಯಾರೂ ಯಾರನ್ನೂ ಬೇಟೆಯಾಡಬಾರದು ಅಂತ ಕಾಡಿನಲ್ಲಿ ಒಪ್ಪಂದ ಇದೆ. ಜಿಂಕೆ, ಚಿರತೆ, ತೋಳ ಎಲ್ಲ ಒಂದೇ ದಡದಲ್ಲಿ ನೀರು ಕುಡಿಯುತ್ತವೆ. ಅವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಬೇಕಾಗಲೇ ಇಲ್ಲ. 'ನಮ್ಮೂರ ಕೆರೆ ಬತ್ತಿದ್ ವರ್ಸ ಹಿಂಗೇಯ, ದನ, ನಾಯಿ, ಕೊಕ್ಕರೆ ಎಲ್ಲಾ ಒಂದೇ ಗುಂಡಿಗ್ ಬರವು' ಅಂದಳು. ಮಂಡ್ಯ ಅಂದರೆ ಬರೀ ನಾಲೆ, ಕಬ್ಬು ಅಂದುಕೊಂಡವರು ಕೇಳಿಸಿಕೊಳ್ಳಿ.

ಆಮೇಲೆ ಆನೆ. ಕರಿಚಿರತೆ ಬಘೀರ ಹುಡುಗನಿಗೆ ತಲೆ ಬಗ್ಗಿಸು ಅನ್ನುತ್ತಾನೆ, ಈ ಕಾಡನ್ನು ಮಾಡಿದವರೇ ಅವರು ಅಂತ. ಹುಡುಗ ಬಗ್ಗಿದ. ಸೋಫಾ ಮೇಲಿಂದ ಪುಟ್ಟಿಯೂ ಕೈ ಮುಗಿದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಮೈಸೂರಿನ ಮಕ್ಕಳಿಗೆ ಆನೆ ಅಂದರೆ ಹೆಸರಿರುವ ಆನೆ ತಾನೇ. 2023ರ ದಸರಾ ತಾಲೀಮಿನಲ್ಲಿ ನನ್ನ ಹೆಗಲ ಮೇಲೆ ಕೂತು 'ಅರ್ಜುನಾ' ಅಂತ ಕೂಗಿದ್ದಳು. ಎಂಟು ವರ್ಷ 750 ಕೆಜಿ ಅಂಬಾರಿ ಹೊತ್ತವನು, ಅಷ್ಟು ಹೊತ್ತಿಗೆ ಅದನ್ನು ಅಭಿಮನ್ಯುಗೆ ಬಿಟ್ಟುಕೊಟ್ಟು ಹಾಯಾಗಿ ನಡೆಯುತ್ತಿದ್ದ. ದಸರಾ ಮುಗಿದು ಒಂದೂವರೆ ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 4ಕ್ಕೆ ಸಕಲೇಶಪುರದ ಕಡೆ ಕಾಡಾನೆ ಹಿಡಿಯಲು ಹೋಗಿ ಕಾದಾಡಿ ಸತ್ತ. ಆವತ್ತು ಇವಳು ಊಟ ಮಾಡಲಿಲ್ಲ.

ಸಿನಿಮಾದಲ್ಲಿ ಆನೆಮರಿ ಗುಂಡಿಗೆ ಬೀಳುತ್ತೆ ನೋಡು, ಅದು ನನಗೆ ಎಲ್ಲಕ್ಕಿಂತ ಇಷ್ಟ. ಹುಡುಗನಿಗೆ ಬಳ್ಳಿ ಹೊಸೆದು ಹಗ್ಗ ಮಾಡುವುದು, ಅದರಿಂದ ನೀರು ಸೇದುವುದು ಎಲ್ಲ ಬರುತ್ತೆ. ಆದರೆ ಅದು ಮನುಷ್ಯರ ಬುದ್ಧಿ, ತೋಳದ ಹಾಗಿರು ಅಂತ ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವನು. ಆ ರಾತ್ರಿ ದೊಡ್ಡ ದೊಡ್ಡ ಆನೆಗಳ ನಡುವೆ ಒಬ್ಬನೇ ನಿಂತು ಅದೇ ಹಗ್ಗದಿಂದ ಮರಿಯನ್ನು ಮೇಲಕ್ಕೆ ಎಳೆಸುತ್ತಾನೆ. ಬಘೀರ ದೂರದಿಂದ ನೋಡುತ್ತಾ ನಿಲ್ಲುತ್ತಾನೆ. ಬೈಯುವುದಿಲ್ಲ. ಯಾರೂ ಏನೂ ಮಾತಾಡುವುದಿಲ್ಲ. ಪುಟ್ಟಿ ನನ್ನ ತೊಡೆ ಹಿಸುಕಿ ಹಿಡಿದಿದ್ದಳು.

ಕೊನೆಯದು ನಿನಗೆ ಗೊತ್ತೇ ಇದೆ, ನಾನು ಎಷ್ಟು ಸಲ ಕೊರೆದಿಲ್ಲ. ಹಳೆ ಕಾರ್ಟೂನಿನಲ್ಲಿ ಹುಡುಗ ನೀರು ತುಂಬಲು ಬಂದ ಹುಡುಗಿಯ ಹಿಂದೆ ಊರಿಗೆ ಹೋಗಿಬಿಡುತ್ತಾನೆ. ಹೊಸದರಲ್ಲಿ ಹೋಗಲ್ಲ. ಕಾಡಲ್ಲೇ ಉಳಿಯುತ್ತಾನೆ, ಕರಡಿ ಚಿರತೆ ಜೊತೆ ಮರದ ಕೊಂಬೆ ಮೇಲೆ ಕಾಲು ಚಾಚಿ ಮಲಗುತ್ತಾನೆ. 2016ರಲ್ಲಿ ಇದನ್ನು ನೋಡಿ ಬಂದು 'ಉಳಿದವರ ಸಿನಿಮಾ' ಅಂತ ಇದೇ ಫೇಸ್‌ಬುಕ್ ಗೋಡೆ ಮೇಲೆ ದೊಡ್ಡ ಬರಹ ಬರೆದಿದ್ದೆ. ಕುಕ್ಕರಹಳ್ಳಿ ಕೆರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಎಲ್ಲ ಎಳೆದು ತಂದಿದ್ದೆ. ಸಾಬುವನ್ನೂ ಬಿಡಲಿಲ್ಲ. ಕಾರಾಪುರದ ಮಾವುತನ ಮಗ ಸಾಬು. ಅವನ ಮೊದಲ ಸಿನಿಮಾ 1937ರದ್ದು, ಒಂದಷ್ಟು ನಮ್ಮ ಮೈಸೂರು ಸೀಮೆಯಲ್ಲಿ, ಉಳಿದದ್ದು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಆಯಿತು. ಹಾಗೆ ಕಡಲು ದಾಟಿದವನು 1942ರಲ್ಲಿ ಇದೇ ಮೌಗ್ಲಿಯ ಪಾತ್ರ ಮಾಡಿದ, ಅಮೆರಿಕದವನೇ ಆದ, ಯುದ್ಧದ ವಿಮಾನದಲ್ಲಿ ಬಂದೂಕು ಹಿಡಿದು ಕೂತ. 1963ರಲ್ಲಿ ಅಲ್ಲೇ ತೀರಿಕೊಂಡ. 'ಕಾಡು ಬಿಟ್ಟು ಹೋದ ಮೌಗ್ಲಿ 39ಕ್ಕೇ ಹೋದ' ಅಂತ ಬರೆದು ಕೆಳಗೆ ನಿನ್ನನ್ನು ಟ್ಯಾಗ್ ಮಾಡಿದ್ದೆ. ಎಂಥ ನೀಚ ಬುದ್ಧಿ ನೋಡು. ನೀನು ಅದಕ್ಕೂ ಲೈಕ್ ಒತ್ತಿದೆ. ಮುಂದಿನ ವರ್ಷ ನಮಗೂ 39 ಕಣೋ.

ನಡುವೆ ಒಂದು ದೃಶ್ಯ ಹಾರಿಸಿದ್ದೇನೆ. ಬೇಕೆಂದೇ.

ಹುಲಿಗೆ ಹೆದರಿ ಹುಡುಗ ತಂಡ ಬಿಟ್ಟು ಹೊರಡುವಾಗ ತಾಯಿತೋಳ ಅವನ ಹತ್ತಿರ ಬರುತ್ತದೆ. ಎಲ್ಲೇ ಇದ್ದರೂ, ಜನ ಯಾವ ಹೆಸರಿಟ್ಟರೂ, ನೀನು ನನ್ನ ಮಗನೇ ಅನ್ನುವ ಅರ್ಥದ ಮಾತಾಡುತ್ತದೆ. ಅವ್ವ 'ಏನಂದ್ಲು?' ಅಂದಳು. ನಾನು 'ಹುಷಾರಾಗಿ ಹೋಗು ಅಂದ್ಲು' ಅಂದೆ. ಯಾಕೆ ಅಷ್ಟೇ ಹೇಳಿದೆನೋ ಗೊತ್ತಿಲ್ಲ. ಗಂಟಲು ಹಿಡಿದಿತ್ತು.

ಅವ್ವನಿಗೆ ಅಷ್ಟೇ ಸಾಕಾಯಿತು. ಒಂದು ಕಾಳು ಹಿತುಕಿದಳು. ಪುಟ್ಟಿ ಕಡೆ ನೋಡಿ ಹೇಳಿದಳು: 'ನೋಡವ್ವ, ಅದು ತೋಳ. ಅದೇ ಮಗನ್ನ ಕಳಿಸ್ಕೊಡ್ತು. ನಾನು ಮನುಸ್ಯಳಾಗಿ ನಿಮ್ಮಪ್ಪನ ಕಾಲು ಕಟ್ಟಾಕ್ಬುಟ್ಟೆ.'

ಪುಟ್ಟಿ ನನ್ನ ಕಾಲು ನೋಡಿದಳು. ನಿಜವಾಗಿ ನೋಡಿದಳು. 'ಎಲ್ಲಿ ಕಟ್ಟಾಕಿದ್ದೀಯ ಅಜ್ಜಿ?'

ಅವ್ವ ಅಳಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಇಷ್ಟಾಗಿದೆ ಅಂತಾಳಲ್ಲ, ಅದೇ ದನಿ. ಅಂದರೆ ಈ ಮಾತು ಅವಳೊಳಗೆ ಹೊಸದಲ್ಲ. ಹನ್ನೆರಡು ವರ್ಷದಿಂದ ಇದ್ದು ನುಣ್ಣಗಾಗಿದೆ.

ಈಗ ಕೇಳು. ಕೂತುಕೊಂಡು ಓದು.

2013ರಲ್ಲಿ ನಾನು ವೀಸಾಕ್ಕೆ ಹೋಗೇ ಇಲ್ಲ, ಅವ್ವನ್ನ ಬಿಟ್ಟು ಬರಕ್ಕಾಗಲ್ಲ ಅಂತ ಮನಸ್ಸು ಬದಲಾಯಿಸಿದೆ ಅಂತ ತಾನೇ ನಿನಗೆ ಹೇಳಿದ್ದು? ಹೋಗಿದ್ದೆ. ನಿನಗಿಂತ ಒಂದು ವಾರ ಮೊದಲು ಹೋಗಿದ್ದೆ. ಆದಮೇಲೆ ಹೇಳೋಣ, ಮೊದಲೇ ಹೇಳಿದರೆ ದೃಷ್ಟಿಯಾಗುತ್ತೆ ಅಂತ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ತಿರುಪತಿಗೆ ಅಂದೆ, ನಿನಗೂ ತಿರುಪತಿಗೆ ಅಂದೆ. ಇಳಿದದ್ದು ಚೆನ್ನೈನಲ್ಲಿ. ಗಾಜಿನ ಆಚೆ ಇದ್ದವರು ಎರಡು ನಿಮಿಷ ಮಾತಾಡಿಸಿದರು. ಇನ್ನೂ ಮೂರನೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ, ಚೀಟಿ ಕೈಗೆ ಬಂತು. ಆಗಲ್ಲ ಅಂತ. ಅವರದೇನೂ ತಪ್ಪಿಲ್ಲ. ನಾನು ತೊದಲಿದೆ.

ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಎದ್ದಿದ್ದೆ. ನಿನ್ನ ಮುಂದೆ ಹೇಗೆ ನಿಲ್ಲೋದು ಅನ್ನುವುದೊಂದೇ ಯೋಚನೆ. ಮದ್ದೂರು ದಾಟುವ ಹೊತ್ತಿಗೆ ಸುಳ್ಳಿಗೆ ಹಿಟ್ಟು ಕಲಸಿದ್ದೆ, ಮೈಸೂರಿಗೆ ಬರುವಷ್ಟರಲ್ಲಿ ಬೆಂದಿತ್ತು. 'ಅವ್ವ ಒಬ್ಬಳೇ ಆಗ್ತಾಳೆ ಕಣೋ.' ನೀನು ಬಲ್ಲಾಳ್ ಸರ್ಕಲ್ಲಿನಲ್ಲೇ ನನ್ನನ್ನು ತಬ್ಬಿಕೊಂಡೆ. ನಿನ್ನಂಥ ಮಗ ಸಿಗಬೇಕು ಅಂದೆ. ಅಲ್ಲೇ ಸರಿಮಾಡಬಹುದಿತ್ತು. ಆದರೆ ಹೊಗಳಿಕೆ ಚೆನ್ನಾಗಿತ್ತು.

ಆಮೇಲೆ ನೀನು ಅದನ್ನು ಬಿಡಲೇ ಇಲ್ಲ. ಪ್ರತಿ ಸಲ ಫೋನಿನಲ್ಲಿ ಅವ್ವನಿಗೆ, 'ನಿಮಗೋಸ್ಕರ ಉಳಿದ ನೋಡಿ ನಿಮ್ಮ ಮಗ' ಅನ್ನುತ್ತೀಯ. ನೀನು ಪ್ರೀತಿಯಿಂದಲೇ ಹೇಳುತ್ತೀಯ. ಅವ್ವನಿಗೆ ಅದು ಸಾಲದ ಲೆಕ್ಕ ಓದಿದ ಹಾಗೆ ಕೇಳಿಸಿರಬೇಕು. ಈ ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಏನೂ ಕೇಳಿಲ್ಲ ಅಂತ ಭಾನುವಾರ ಹೊಳೆಯಿತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದೂ ಮಂಡ್ಯದಲ್ಲಿ, ಅಕ್ಕನ ಮನೆಗೆ ಹೋಗಿ. ಅವನಿಗ್ಯಾಕೆ ಇನ್ನೂ ತೊಂದರೆ ಅಂದಳಂತೆ. ಆಗ ಆ 'ಇನ್ನೂ' ನನ್ನ ಕಿವಿಗೆ ಬೀಳಲಿಲ್ಲ.

ಮೈಸೂರು ನನಗಿಷ್ಟ. ಅದು ಸುಳ್ಳಲ್ಲ, ಬೇಕಾದರೆ ಬೆಟ್ಟದ ಮೇಲೆ ಆಣೆ ಮಾಡುತ್ತೇನೆ. ಆದರೆ ಆ ಹುಡುಗ ಕೊಂಬೆ ಮೇಲೆ ಮಲಗಿದ್ದು ನೋಡುವಾಗ ಈ ಸಲ ಮೊದಲಿನ ಹಾಗೆ ಎದೆ ಉಬ್ಬಲಿಲ್ಲ. ಅವನು ಬೇಕು ಅಂತ ಉಳಿದ. ನಾನು ಚೀಟಿ ಜೇಬಿನಲ್ಲಿಟ್ಟುಕೊಂಡು ಉಳಿದೆ. ಆ ಚೀಟಿ ಇನ್ನೂ ಇದೆ, ಗಾಡಿ ಆರ್‌ಸಿ ಕವರಿನ ಹಿಂದೆ. ಹೆಂಡತಿಗೂ ಗೊತ್ತಿಲ್ಲ. ಈಗ ಗೊತ್ತಾಯಿತು.

ಅಯ್ಯೋ, ಇದನ್ನೆಲ್ಲ ಬರೆಯಬೇಕು ಅಂತ ಕೂತವನೇ ಅಲ್ಲ ಗುರೂ. ಆ ಕರಡಿ ಥೇಟ್ ನಿನ್ನ ಹಾಗೇ ಇದೆ ಅಂತ ಎರಡು ಸಾಲು ಬರೆದು, ನಾಲ್ಕು ಜನರನ್ನು ನಗಿಸೋಣ ಅಂತಿದ್ದೆ. ಚಳಿಗಾಲಕ್ಕೆ ಕೂಡಿಡಬೇಕು ಅಂತ ಸುಳ್ಳು ಹೇಳಿ ಹುಡುಗನನ್ನು ಬಂಡೆ ಹತ್ತಿಸಿ ಜೇನು ಕೀಳಿಸುತ್ತೆ. ಜೇನುಹುಳು ಕಡಿಯೋದು ಹುಡುಗನಿಗೆ, ತಿನ್ನೋದು ಇದು. ರೆಕಾರ್ಡ್ ಬುಕ್ಕಿನ ವಿಷಯ ನೆನಪಾಯಿತಾ? ಅಷ್ಟೇ. ಮುಂದೆ ಹೇಳಲ್ಲ.

ಅಕ್ಕಾ, ನೀನು ಓದುತ್ತಿದ್ದೀಯ ಅಂತ ಗೊತ್ತು. ದಯವಿಟ್ಟು ಈಗಲೇ ಅವ್ವನಿಗೆ ಫೋನ್ ಹಚ್ಚಬೇಡ. ಇವತ್ತು ರಾತ್ರಿ ಊಟ ಆದಮೇಲೆ ನಾನೇ ಹೇಳುತ್ತೇನೆ. ಹಿತುಕಿದ ಬೇಳೆ ಸಾರು, ಮುದ್ದೆ ಇದೆ, ಉಂಡ ತಕ್ಷಣ ಬೇಡ, ನಿದ್ದೆ ಕೆಡುತ್ತೆ. ನಾಳೆ ತಿಂಡಿ ಆದಮೇಲೆ ಹೇಳುತ್ತೇನೆ. ಮಂಗಳವಾರಕ್ಕೂ ಹೇಳದಿದ್ದರೆ ನೀನು ಫೋನ್ ಮಾಡು.

ಇನ್ನೊಂದು ಮಾತು ಬೋಂಡಾ. ಆವತ್ತು ನಾನು ತಂದ ಲಡ್ಡು ಇತ್ತಲ್ಲ, ನೀನು ಎರಡೂ ಕಣ್ಣಿಗೊತ್ತಿಕೊಂಡು, ಚಪ್ಪಲಿ ಬಿಟ್ಟು ತಿಂದೆಯಲ್ಲ, ಅದು ಚೆನ್ನೈ ಸ್ಟೇಷನ್ನಿನ ಎದುರು ಅಂಗಡಿಯದ್ದು. ಕಾಲು ಕೆಜಿ. ಮುಂದಿನ ವಾರವೇ ನಿನ್ನ ವೀಸಾ ಆಯಿತು. ತಿಮ್ಮಪ್ಪನ ಪ್ರಸಾದದಿಂದಲೇ ಆಯಿತು ಅಂತ ಈಗಲೂ ಪ್ರತಿ ಶನಿವಾರ ಅಲ್ಲಿನ ಬಾಲಾಜಿ ದೇವಸ್ಥಾನಕ್ಕೆ ನಲವತ್ತು ಮೈಲಿ ಕಾರು ಓಡಿಸುತ್ತೀಯಂತೆ. ಪೆಟ್ರೋಲ್ ಲೆಕ್ಕ ಮಾತ್ರ ನನಗೆ ಕಳಿಸಬೇಡ.

ಇತಿ ನಿನ್ನ,
ಚಟ್ನಿ