ರೇಷ್ಮೆ ಸುಂಕ ರಾತ್ರೋರಾತ್ರಿ ಬದಲಾಗುವುದು ನಿಲ್ಲಲಿ: ಕೋಲಾರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರ. ಜಾಗತೀಕರಣದಿಂದ ನಮಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಅಂತ ಆಗಾಗ ಚರ್ಚೆ ಆಗುತ್ತದೆ. ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎರಡನ್ನೂ ನೋಡಿದ್ದೇವೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. 1991ರಲ್ಲಿ ಜಪಾನಿನ ನೆರವಿನಿಂದ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಬರುವ, ಬಿಳಿ ಗೂಡು ಕಟ್ಟುವ ಹುಳು) ಯೋಜನೆ ಶುರುವಾಯಿತು. ಅಲ್ಲಿಂದ ಬಂದ ಸಿಎಸ್‌ಆರ್ ಅನ್ನುವ ಹುಳುವಿನ ತಳಿಗಳು, ಚಾಕಿ ಅಂದರೆ ಎಳೆ ಹುಳು ಸಾಕಣೆಯ ಕ್ರಮ, ಮನೆ ತೊಳೆದು ಸೋಂಕು ಕಳೆಯುವ ಶಿಸ್ತು ನಮ್ಮ ಕಸುಬನ್ನೇ ಬದಲಿಸಿದವು. ಇವತ್ತು ಬಿಳಿ ದ್ವಿತಳಿ ಗೂಡಿನಿಂದ ಒಳ್ಳೆಯ ದರ್ಜೆಯ ನೂಲು ತೆಗೆಯುವ ಸ್ವಯಂಚಾಲಿತ ಯಂತ್ರಗಳು ಬಂದದ್ದು ಚೀನಾದಿಂದ. ಹೊರಗಿನದೆಲ್ಲ ಬೇಡ ಅಂದರೆ ಇವೂ ಬೇಡ ಅನ್ನಬೇಕಾಗುತ್ತದೆ, ಅಲ್ವಾ?

ಆದರೆ 2011 ನಮಗೆ ಮರೆಯುವಂಥದ್ದಲ್ಲ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿದರು. ಹೊರಗಿನ ನೂಲು ಅಗ್ಗವಾಗಿ ನಮ್ಮ ಗೂಡಿನ ದರ ಕುಸಿಯಿತು. ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15 ಆಯಿತು. ಆಮೇಲೆ ಮತ್ತೆ ಇಳಿದು, 2021ರ ಬಜೆಟ್ಟಿನಲ್ಲಿ ಶೇ 10ರಿಂದ 15ಕ್ಕೆ ಏರಿತು.

ಸುಂಕ ಎಷ್ಟಿದೆ ಅನ್ನುವುದಕ್ಕಿಂತ ಅದು ಹೀಗೆ ಏರಿ ಇಳಿಯುವುದೇ ನಮಗೆ ಜಾಸ್ತಿ ಪೆಟ್ಟು ಕೊಡುತ್ತದೆ. ಹಿಪ್ಪುನೇರಳೆ ತೋಟ ಹಾಕಿದರೆ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಆ ಲೆಕ್ಕದ ಮೇಲೆ ಬೋರ್‌ವೆಲ್ ಕೊರೆಸುತ್ತೇವೆ, ಹುಳು ಸಾಕುವ ಮನೆ ಕಟ್ಟುತ್ತೇವೆ, ಸಾಲ ಮಾಡುತ್ತೇವೆ. ದರ ಬಿದ್ದ ದಿನ ತೋಟ ಕಿತ್ತು ಇನ್ನೊಂದು ಹಾಕುತ್ತೇವೆ ಅನ್ನಲು ಆಗುವುದಿಲ್ಲ. ಗೂಡನ್ನು ಮನೆಯಲ್ಲಿ ಇಟ್ಟುಕೊಂಡು ಒಳ್ಳೆ ದರಕ್ಕೆ ಕಾಯೋಣ ಅಂದರೂ ದಾರಿಯಿಲ್ಲ. ಬಿಡಿಸಿ ಕೆಲವೇ ದಿನಗಳಲ್ಲಿ ಮಾರದಿದ್ದರೆ ಚಿಟ್ಟೆ ಗೂಡು ಒಡೆದು ಹೊರಬರುತ್ತದೆ. ಒಡೆದ ಗೂಡಿನಿಂದ ಉದ್ದ ನೂಲು ಬರುವುದಿಲ್ಲ. ತಿಂಗಳು ಪೂರ್ತಿ ನಿದ್ದೆಗೆಟ್ಟು ಸೊಪ್ಪು ಹಾಕಿದವರು ಅವತ್ತಿನ ಹರಾಜಿನಲ್ಲಿ ಎಷ್ಟು ಕೂಗುತ್ತಾರೋ ಅಷ್ಟಕ್ಕೆ ಕೊಡಲೇಬೇಕು. ಗೂಡಿನಿಂದ ನೂಲು ತೆಗೆಯುವ ರೀಲರುಗಳ ಪಾಡೂ ಹೀಗೇ. ಗೂಡು ಕೊಂಡ ದರ ಒಂದು, ನೂಲು ಮಾರುವ ಹೊತ್ತಿಗೆ ಸಿಗುವ ದರ ಇನ್ನೊಂದು. ಚರಕ, ಕಾಟೇಜ್ ಬೇಸಿನ್‌ನಂಥ ನೂಲು ತೆಗೆಯುವ ಚಿಕ್ಕ ಸಾಧನ ನಡೆಸುವ ಮನೆಗಳು ಅಂಥ ನಷ್ಟ ತಡೆಯುವುದಿಲ್ಲ.

ಸುಂಕವನ್ನು ಸುಮ್ನೆ ಏರಿಸುತ್ತಲೇ ಇರಿ ಅಂತಲೂ ನಾನು ಕೇಳುವುದಿಲ್ಲ. ನೇಕಾರರೂ ನಮ್ಮವರೇ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಹಾಸು ನೂಲಿಗೆ ಒಂದೇ ಸಮನಾದ, ಗಟ್ಟಿ ಎಳೆ ಬೇಕು. ಅದಕ್ಕೇ ಅವರು ಚೀನಾ ನೂಲು ಕೊಳ್ಳುತ್ತಾರೆ. ಅದು ದುಬಾರಿ ಆದರೆ ಸೀರೆಯೂ ದುಬಾರಿ, ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ನಮ್ಮ ಗೂಡನ್ನು ಕೇಳುವವರು ಯಾರು? ಅವರಿಗೆ ಬೇಕಾದ ಎಳೆ ಇಲ್ಲೇ ಸಿಗಬೇಕಾದರೆ ದ್ವಿತಳಿ ಗೂಡು ಹೆಚ್ಚಬೇಕು, ಸ್ವಯಂಚಾಲಿತ ಯಂತ್ರ ಚಿಕ್ಕ ರೀಲರುಗಳ ಕೈಗೂ ಎಟುಕಬೇಕು. ಈಗ ಅದನ್ನು ಹಾಕಲು ಬೇಕಾದ ಬಂಡವಾಳ ಅವರಲ್ಲಿ ಹೆಚ್ಚಿನವರಿಗಿಲ್ಲ.

ಸಂಸದರೇ, ಬಜೆಟ್ಟಿಗೆ ಮುಂಚೆ ಹಣಕಾಸು ಮತ್ತು ಜವಳಿ ಸಚಿವರ ಮುಂದೆ ಇದನ್ನು ಇಡಿ. ರೇಷ್ಮೆ ಸುಂಕ ಬದಲಿಸುವುದಾದರೆ ಕನಿಷ್ಠ ಒಂದು ವರ್ಷ ಮುಂಚೆ ತಿಳಿಸಲಿ. ಇಳಿಸುವುದಾದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಿ. ಅದಕ್ಕೂ ಮೊದಲು ಶಿಡ್ಲಘಟ್ಟ, ರಾಮನಗರದ ಬೆಳೆಗಾರರನ್ನೂ ರೀಲರುಗಳನ್ನೂ ದೊಡ್ಡಬಳ್ಳಾಪುರದ ನೇಕಾರರನ್ನೂ ಒಟ್ಟಿಗೆ ಕೂರಿಸಿ ಕೇಳಲಿ. ಆ ಸಭೆಯನ್ನು ನೀವೇ ಶಿಡ್ಲಘಟ್ಟದಲ್ಲಿ ಕರೆದರೆ ನಮ್ಮೂರಿನ ಬೆಳೆಗಾರರನ್ನು ಕರೆತರುವ ಜವಾಬ್ದಾರಿ ನನ್ನದು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೇಷ್ಮೆ ಬೆಳೆಗಾರ