ದಿನದ ಪಿಡಿಎಫ್ ನಿಲ್ಲುತ್ತಿದೆ, ಪಾಕ್ಷಿಕ ಬರುತ್ತಿದೆ: ಚಂದಾದಾರರಿಗೆ ಪತ್ರ

ಮಾನ್ಯ ಚಂದಾದಾರರೇ,

ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ನಿಮ್ಮ ಮೊಬೈಲಿಗೆ ಬರುತ್ತಿದ್ದ ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಸಿದ್ಧಪಡಿಸಿದ 8 ಪುಟಗಳ ಪ್ರಚಲಿತ ವಿದ್ಯಮಾನಗಳ ಪಿಡಿಎಫ್ ಅನ್ನೂ, ತಿಂಗಳ ಕೊನೆಗೆ ಅಂಚೆಯಲ್ಲಿ ತಲುಪುತ್ತಿದ್ದ 160 ಪುಟಗಳ ಮಾಸಿಕವನ್ನೂ ಮುಂದಿನ ತಿಂಗಳಿನಿಂದ ನಿಲ್ಲಿಸಿ, ಅವೆರಡರ ಬದಲಿಗೆ 64 ಪುಟಗಳ ಒಂದು ಪಾಕ್ಷಿಕವನ್ನು ಹೊರತರಲು ನಮ್ಮ ಸಹಕಾರ ಸಂಘದ ಆಡಳಿತ ಮಂಡಳಿಯು ತೀರ್ಮಾನಿಸಿದೆ. ಪಾಕ್ಷಿಕವು ಪ್ರತಿ ತಿಂಗಳ 1 ಮತ್ತು 16ನೇ ತಾರೀಕಿನಂದು ಅಂಚೆಗೆ ಬೀಳುತ್ತದೆ. ಚಂದಾ ಬದಲಾಗುವುದಿಲ್ಲ. ಪುಟಗಳು ಕಡಿಮೆಯಾದವು, ಚಂದಾ ಮಾತ್ರ ಹಾಗೆಯೇ ಉಳಿಯಿತಲ್ಲ ಎಂಬ ಲೆಕ್ಕವನ್ನು ನಿಮ್ಮಲ್ಲಿ ಹಲವರು ಈ ವಾಕ್ಯ ಮುಗಿಯುವುದರೊಳಗೆ ಹಾಕಿರುತ್ತೀರಿ. ಆ ಲೆಕ್ಕ ಸರಿಯಾಗಿಯೇ ಇದೆ. ಹೀಗೇಕೆ ಮಾಡಿದೆವು ಎಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಹೊಣೆಯಾದ್ದರಿಂದ ಈ ಪತ್ರ ತುಸು ಉದ್ದವಾಗಿದೆ.

ಮೊದಲಿಗೆ ನಮ್ಮದೇ ಒಂದು ತಪ್ಪಿನ ವಿಚಾರ. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಮಹಿಳಾ ಮೀಸಲಾತಿಯ ಮಸೂದೆಯನ್ನು ಅಂಗೀಕರಿಸಿದ ರಾತ್ರಿ, ಮರುದಿನದ ಪಿಡಿಎಫ್ ಮುಗಿಸುವ ಅವಸರದಲ್ಲಿ ನಾವು ‘ಸಂವಿಧಾನದ 128ನೇ ತಿದ್ದುಪಡಿಗೆ ಒಪ್ಪಿಗೆ’ ಎಂದು ಶೀರ್ಷಿಕೆ ಕೊಟ್ಟೆವು. 128 ಎಂಬುದು ಮಸೂದೆಯ ಸಂಖ್ಯೆ. ರಾಷ್ಟ್ರಪತಿಗಳ ಅಂಕಿತದ ನಂತರ ಅದು ಸಂವಿಧಾನದ 106ನೇ ತಿದ್ದುಪಡಿ ಕಾಯ್ದೆಯಾಯಿತು. ಮಂಡನೆಯಾದ ತಿದ್ದುಪಡಿ ಮಸೂದೆಗಳೆಲ್ಲ ಕಾಯ್ದೆಗಳಾಗುವುದಿಲ್ಲವಾದ್ದರಿಂದ ಈ ಎರಡು ಎಣಿಕೆಗಳು ಬಹಳ ಹಿಂದೆಯೇ ಬೇರೆ ಬೇರೆಯಾಗಿವೆ. ಜಿಎಸ್‌ಟಿಗಾಗಿ ಬಂದ 122ನೇ ತಿದ್ದುಪಡಿ ಮಸೂದೆಯು 2016ರಲ್ಲಿ 101ನೇ ತಿದ್ದುಪಡಿಯಾಯಿತು. ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ ಸಂಬಂಧಿಸಿದ 124ನೇ ಮಸೂದೆಯು 2019ರಲ್ಲಿ 103ನೇ ತಿದ್ದುಪಡಿಯಾಯಿತು. ನಾವು ಮೂರು ದಿನಗಳ ನಂತರ ತಿದ್ದೋಲೆ ಹಾಕಿದೆವು. ಆದರೆ ಅಷ್ಟರಲ್ಲಿ ಮೊದಲ ಪಿಡಿಎಫ್ ಎಷ್ಟೋ ಗುಂಪುಗಳಲ್ಲಿ ಹರಿದಾಡಿಬಿಟ್ಟಿತ್ತು. ತಿದ್ದೋಲೆಯನ್ನು ಯಾರೂ ಮತ್ತೊಬ್ಬರಿಗೆ ಕಳುಹಿಸುವುದಿಲ್ಲ ಎಂಬುದನ್ನು ನಾವು ಆ ವಾರ ಕಲಿತೆವು.

ಸಂಖ್ಯೆಯ ತಪ್ಪಿಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಸಂಗತಿ. ಆ ದಿನದ ಪುಟದಲ್ಲಿ ಮಸೂದೆಯ ಪರವಾಗಿ ಯಾರು ಮಾತನಾಡಿದರು, ಯಾರು ವಿರೋಧಿಸಿದರು, ಎಷ್ಟು ಮತಗಳು ಬಿದ್ದವು ಎಂಬುದೆಲ್ಲ ಇತ್ತು. ಲೋಕಸಭೆಗೆ 330ಎ, ರಾಜ್ಯಗಳ ವಿಧಾನಸಭೆಗಳಿಗೆ 332ಎ ಎಂಬ ಹೊಸ ವಿಧಿಗಳು ಸೇರುತ್ತವೆ ಎಂಬುದಾಗಲಿ, ರಾಜ್ಯಸಭೆಗೂ ನಮ್ಮ ರಾಜ್ಯದಲ್ಲಿರುವಂಥ ವಿಧಾನ ಪರಿಷತ್ತುಗಳಿಗೂ ಈ ಮೀಸಲಾತಿ ಅನ್ವಯಿಸುವುದಿಲ್ಲ ಎಂಬುದಾಗಲಿ, ಅಂದು ಅಂಗೀಕಾರವಾದ ರೂಪದಲ್ಲಿ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ನಂತರವೇ ಇದು ಜಾರಿಯಾಗುತ್ತದೆ ಎಂಬುದಾಗಲಿ ಇರಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಹುಟ್ಟುವುದು ಈ ಎರಡನೆಯ ಬಗೆಯ ವಿವರದಿಂದಲೇ. ಸುದ್ದಿಯನ್ನು ಸುದ್ದಿಯಾಗಿಯೇ ಕೊಟ್ಟು, ಓದಬೇಕಾದ ಭಾಗವನ್ನು ನಾವು ಹೊರಗೇ ಬಿಟ್ಟಿದ್ದೆವು.

ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಮೊದಲ ಪತ್ರಿಕೆಯ ಪಠ್ಯಕ್ರಮದಲ್ಲಿ ಮೊದಲ ಸಾಲೇ ರಾಷ್ಟ್ರೀಯ ಮತ್ತು ಅಂತಾರಾಷ್ಟ್ರೀಯ ಪ್ರಾಮುಖ್ಯದ ಪ್ರಚಲಿತ ಘಟನೆಗಳದ್ದು. ಅದನ್ನು ನೋಡಿ ಗಾಬರಿಯಾದವರು ಕಂಡದ್ದನ್ನೆಲ್ಲ ಕೂಡಿಹಾಕಲು ಆರಂಭಿಸುತ್ತಾರೆ, ಅವರ ಗಾಬರಿಗೆ ತಕ್ಕಂತೆ ನಮ್ಮಂಥವರು ಪುಟ ಹೆಚ್ಚಿಸುತ್ತೇವೆ. ಆದರೆ ಆ ಪತ್ರಿಕೆಯ 100 ಪ್ರಶ್ನೆಗಳಲ್ಲಿ ನಿನ್ನೆ ಏನಾಯಿತು ಎಂದು ನೇರವಾಗಿ ಕೇಳುವವು ಕಡಿಮೆ. ಸುದ್ದಿಯಲ್ಲಿದ್ದ ಸಂಸ್ಥೆ, ಕಾಯ್ದೆ, ಪ್ರಾಣಿ ಅಥವಾ ನದಿಯನ್ನು ನೆಪವಾಗಿಟ್ಟುಕೊಂಡು ಅದರ ಬುಡದ ವಿಚಾರವನ್ನು ಕೇಳುವವೇ ಹೆಚ್ಚು. ಅದರ ಮೇಲೆ, 2023ರ ಪತ್ರಿಕೆಯಲ್ಲಿ ‘ಮೇಲಿನವುಗಳಲ್ಲಿ ಎಷ್ಟು ಹೇಳಿಕೆಗಳು ಸರಿ’ ಎಂಬ ಮಾದರಿ ದಂಡಿಯಾಗಿ ಬಂದಿತು. ‘1 ಮತ್ತು 3 ಮಾತ್ರ’ ಎಂಬಂಥ ಆಯ್ಕೆಗಳಿದ್ದಾಗ ಒಂದು ಹೇಳಿಕೆ ತಪ್ಪೆಂದು ಗೊತ್ತಿದ್ದರೂ ಎರಡು ಆಯ್ಕೆಗಳನ್ನು ಅಳಿಸಿ ಮುಂದೆ ಹೋಗಬಹುದಿತ್ತು. ಈ ಹೊಸ ಮಾದರಿಯಲ್ಲಿ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪು ಉತ್ತರಕ್ಕೆ ಅದರ ಮೂರನೇ ಒಂದು ಭಾಗ ಕಡಿತ. ನೂರು ಸಂಗತಿಗಳ ಹೆಸರು ಕೇಳಿದವರಿಗಿಂತ ಮೂವತ್ತು ಸಂಗತಿಗಳನ್ನು ಒಳಹೊಕ್ಕು ನೋಡಿದವರಿಗೆ ಇಲ್ಲಿ ಅನುಕೂಲ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಹಿಂದಿನ ವರ್ಷ ಧಾರವಾಡದ ಸಪ್ತಾಪುರದಲ್ಲಿ ಒಬ್ಬ ಚಂದಾದಾರರ ಕೋಣೆಗೆ ನಮ್ಮ ಸಂಪಾದಕರೊಬ್ಬರು ಹೋಗಿದ್ದರು. ಮಂಚದ ಕೆಳಗೆ ನಮ್ಮ ಹನ್ನೊಂದು ತಿಂಗಳ ಪಿಡಿಎಫ್‌ಗಳು ಜೆರಾಕ್ಸ್ ಆಗಿ, ಸ್ಪೈರಲ್ ಬೈಂಡ್ ಆಗಿ, ತಿಂಗಳ ಹೆಸರು ಬರೆದ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಮೊದಲೆರಡು ಕಟ್ಟುಗಳಲ್ಲಿ ಹಳದಿ ಗೆರೆಗಳಿದ್ದವು, ಮೂರನೆಯದರಲ್ಲಿ ಅರ್ಧದವರೆಗೆ ಇದ್ದವು, ಉಳಿದವು ಬಿಚ್ಚದೆ ಹಾಗೆಯೇ ಇದ್ದವು. ಆ ಅಭ್ಯರ್ಥಿ ಸೋಮಾರಿಯಲ್ಲ. ಬೆಳಿಗ್ಗೆ 5ಕ್ಕೆ ಏಳುವವರು. ದಿನಕ್ಕೆ 8 ಪುಟವೆಂದರೆ ವರ್ಷಕ್ಕೆ 2,920 ಪುಟ, ಅದರ ಮೇಲೆ ಮಾಸಿಕದ 1,920 ಪುಟ. ಇಷ್ಟನ್ನು ಎರಡನೆಯ ಬಾರಿ ತಿರುವಿ ಹಾಕಲು ಯಾರಿಗೂ ಸಾಧ್ಯವಿಲ್ಲ, ಮತ್ತೆ ಓದದ ಪುಟವು ಪರೀಕ್ಷಾ ಕೊಠಡಿಯಲ್ಲಿ ನೆನಪಿಗೂ ಬರುವುದಿಲ್ಲ. ಪಾಕ್ಷಿಕದ ಲೆಕ್ಕದಲ್ಲಿ ವರ್ಷಕ್ಕೆ 1,536 ಪುಟಗಳಾಗುತ್ತವೆ. ಇದೂ ಕಡಿಮೆಯೇನಲ್ಲ, ಆದರೆ ಎರಡು ಸಲ ಓದಲು ಆಗುವಷ್ಟಿದೆ.

ಪ್ರತಿ ಸಂಚಿಕೆಯಲ್ಲಿ ಹನ್ನೆರಡರಿಂದ ಹದಿನಾಲ್ಕು ವಿಷಯಗಳಿರುತ್ತವೆ. ಅವು ಹೇಗಿರುತ್ತವೆ ಎಂಬುದಕ್ಕೆ ನಾವು ಸಿದ್ಧಪಡಿಸಿದ ಮಾದರಿ ಹಾಳೆಯೊಂದನ್ನು ಇಲ್ಲಿ ವಿವರಿಸುತ್ತೇವೆ. 2024ರ ಜನವರಿಯಲ್ಲಿ ಕರ್ನಾಟಕದ ಮೂರು ಜೌಗು ಪ್ರದೇಶಗಳು, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು: ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಹಳೆಯ ಪಿಡಿಎಫ್‌ನಲ್ಲಿ ಇದು ಮೂರು ಸಾಲಿನಲ್ಲಿ ಮುಗಿದಿತ್ತು. ಹೊಸ ಹಾಳೆಯು, 2022ರಲ್ಲಿ ಈ ಪಟ್ಟಿಗೆ ಸೇರಿದ ರಾಜ್ಯದ ಮೊದಲ ತಾಣ ರಂಗನತಿಟ್ಟು ಎಂಬುದರಿಂದ ಆರಂಭಿಸಿ, ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಒಪ್ಪಂದವಾದದ್ದನ್ನೂ, ಆ ದಿನವೇ ವಿಶ್ವ ಜೌಗು ಪ್ರದೇಶ ದಿನವಾದದ್ದನ್ನೂ, ಭಾರತದ ಮೊದಲ ತಾಣಗಳು ಒಡಿಶಾದ ಚಿಲಿಕಾ ಮತ್ತು ರಾಜಸ್ಥಾನದ ಕೇವಲಾದೇವ್ ಎಂಬುದನ್ನೂ ಹೇಳುತ್ತದೆ. ಪರಿಸರ ಹದಗೆಟ್ಟ ತಾಣಗಳಿಗಾಗಿ ಮಾಂಟ್ರೋ ದಾಖಲೆ ಎಂಬ ಪ್ರತ್ಯೇಕ ಪಟ್ಟಿಯಿದ್ದು, ಅದರಲ್ಲಿ ಕೇವಲಾದೇವ್ ಮತ್ತು ಮಣಿಪುರದ ಲೋಕ್ತಕ್ ಇರುವುದನ್ನೂ, ಚಿಲಿಕಾ 2002ರಲ್ಲಿ ಅದರಿಂದ ಹೊರಬಂದದ್ದನ್ನೂ ಜೋಡಿಸುತ್ತದೆ. ನಂತರ ಬರುವುದು ಅಭ್ಯರ್ಥಿಗಳು ಎಡವುವ ಜಾಗ. ರಾಮ್ಸಾರ್ ಒಪ್ಪಂದದ ವ್ಯಾಖ್ಯೆಯಲ್ಲಿ ಭತ್ತದ ಗದ್ದೆಯೂ ಜೌಗು ಪ್ರದೇಶವಾಗಬಲ್ಲುದು, ಇಳಿತದ ವೇಳೆ 6 ಮೀಟರ್ ಮೀರದ ಆಳದ ಕಡಲನೀರೂ ಆಗಬಲ್ಲುದು. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಾದರೋ ನದಿಪಾತ್ರ, ಭತ್ತದ ಗದ್ದೆ ಮತ್ತು ನೀರಾವರಿಗೆಂದು ಮನುಷ್ಯರೇ ಕಟ್ಟಿದ ಜಲಾಶಯಗಳನ್ನು ಹೊರಗಿಡುತ್ತದೆ, ಆದರೆ ರಾಮ್ಸಾರ್ ತಾಣಗಳಿಗೆ ತನ್ನ ನಿಯಮಗಳು ಅನ್ವಯವೆಂದೂ ಹೇಳುತ್ತದೆ. ಮಾಗಡಿ ಕೆರೆ ಮತ್ತು ಅಂಕಸಮುದ್ರ ಎರಡೂ ನೀರಾವರಿಗಾಗಿಯೇ ಕಟ್ಟಿದ ಕೆರೆಗಳೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮೂರು ಸಾಲಿನ ಸುದ್ದಿಯೊಳಗೆ ಎಷ್ಟು ಪ್ರಶ್ನೆಗಳು ಅಡಗಿದ್ದವೆಂಬುದು ತಿಳಿಯುತ್ತದೆ. ಈ ಒಂದು ಹಾಳೆಗೆ ನಮ್ಮ ಇಬ್ಬರು ಸದಸ್ಯರು ನಾಲ್ಕು ದಿನ ತೆಗೆದುಕೊಂಡರು. ದಿನದ ಪಿಡಿಎಫ್ ನಡೆಸುತ್ತಾ ಈ ಕೆಲಸ ಸಾಧ್ಯವಿಲ್ಲವೆಂಬುದು ಅಲ್ಲಿಗೆ ಖಚಿತವಾಯಿತು.

ಭಾಷೆಯ ವಿಚಾರದಲ್ಲಿಯೂ ಒಂದು ಬದಲಾವಣೆಯಿದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದರೂ, ಆಯೋಗದ ಪೂರ್ವಭಾವಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಓದಿ ಚೆನ್ನಾಗಿ ತಿಳಿದುಕೊಂಡವರೂ ಆ ಎರಡು ಗಂಟೆಗಳಲ್ಲಿ ಪದ ಗುರುತಿಸಲಾಗದೆ ಅಂಕ ಕಳೆದುಕೊಳ್ಳುತ್ತಾರೆ. ಇದರಲ್ಲಿ ನಮ್ಮ ಪಾಲೂ ಇದೆ. ಫಿಸ್ಕಲ್ ಡೆಫಿಸಿಟ್ ಅನ್ನು ‘ವಿತ್ತೀಯ ಕೊರತೆ’ ಎಂದು ಬರೆದ ನಾವೇ, ಅದೇ ಪುಟದಲ್ಲಿ ಮಾನಿಟರಿ ಪಾಲಿಸಿಯನ್ನು ಒಮ್ಮೆ ‘ಹಣಕಾಸು ನೀತಿ’ ಎಂದೂ ಇನ್ನೊಮ್ಮೆ ‘ವಿತ್ತೀಯ ನೀತಿ’ ಎಂದೂ ಬರೆದಿದ್ದೇವೆ. ಫಿಸ್ಕಲ್ ಎಂಬುದು ಸರ್ಕಾರದ ಆದಾಯ ಮತ್ತು ವೆಚ್ಚಕ್ಕೆ ಸೇರಿದ್ದು. ಮಾನಿಟರಿ ಎಂಬುದು ರಿಸರ್ವ್ ಬ್ಯಾಂಕಿನ ಆರು ಸದಸ್ಯರ ಸಮಿತಿ ರೆಪೊ ದರ (ಬ್ಯಾಂಕುಗಳಿಗೆ ಅದು ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ನಿಗದಿ ಮಾಡುವುದಕ್ಕೆ ಸೇರಿದ್ದು. ಒಂದೇ ವಿಶೇಷಣವನ್ನು ಎರಡಕ್ಕೂ ಹಚ್ಚಿದರೆ ಓದುವವರು ಏನು ಮಾಡಬೇಕು? ಇನ್ನು ಮುಂದೆ ಪ್ರತಿ ಪಾರಿಭಾಷಿಕ ಪದಕ್ಕೂ ಒಂದೇ ಕನ್ನಡ ರೂಪವನ್ನು ಬಳಸಿ, ಅದರ ಇಂಗ್ಲಿಷ್ ಪದವನ್ನು ಅಂಚಿನಲ್ಲಿ ಅಚ್ಚು ಮಾಡುತ್ತೇವೆ.

ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪರೀಕ್ಷೆಗೆ ಓದುತ್ತಿರುವವರು ಆತಂಕಪಡಬೇಕಾಗಿಲ್ಲ. ಆ ಪೂರ್ವಭಾವಿಯಲ್ಲಿ ರಾಜ್ಯದ ವಿದ್ಯಮಾನಗಳಿಗೆ ತಮ್ಮದೇ ಸ್ಥಾನವಿರುವುದರಿಂದ, ಪ್ರತಿ ಸಂಚಿಕೆಯ 12 ಪುಟಗಳನ್ನು ಕರ್ನಾಟಕಕ್ಕೆಂದೇ ಮೀಸಲಿಟ್ಟಿದ್ದೇವೆ. ರಾಜ್ಯದ ಆರ್ಥಿಕ ಸಮೀಕ್ಷೆ ಮತ್ತು ಬಜೆಟ್ ಬಂದಾಗ ಪುಟಗಳನ್ನು ಹೆಚ್ಚಿಸುತ್ತೇವೆ. ಫೆಬ್ರುವರಿ 1ರ ಕೇಂದ್ರ ಬಜೆಟ್ಟಿಗೂ ಇದೇ ವ್ಯವಸ್ಥೆ.

ಈ ಬದಲಾವಣೆಯಿಂದ ನಿಜವಾಗಿ ನಷ್ಟವಾಗುವುದು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಮುಂತಾದ ಹುದ್ದೆಗಳ ಪರೀಕ್ಷೆಗೆ ಓದುತ್ತಿರುವ ಚಂದಾದಾರರಿಗೆ. ಯಾವ ಪ್ರಶಸ್ತಿ ಯಾರಿಗೆ, ಯಾವ ಕ್ರೀಡಾಕೂಟ ಎಲ್ಲಿ, ಯಾವ ದಿನಾಚರಣೆ ಯಾವಾಗ ಎಂಬಂಥ ಒಂದು ಸಾಲಿನ ಮಾಹಿತಿ ಅವರಿಗೆ ಈಗಲೂ ಬೇಕು, ಮತ್ತು ಅದನ್ನು ಹೀಗಳೆಯುವ ದೊಡ್ಡಸ್ತಿಕೆ ನಮಗಿಲ್ಲ. ಕೊನೆಯ 6 ಪುಟಗಳಲ್ಲಿ ಅದನ್ನು ಉಳಿಸಿಕೊಂಡಿದ್ದೇವೆ. ಅದು ಹಿಂದಿನಷ್ಟು ವಿಸ್ತಾರವಾಗಿರುವುದಿಲ್ಲ. ಅದೊಂದಕ್ಕಾಗಿಯೇ ಚಂದಾ ಕೊಟ್ಟವರು ಹಣ ಹಿಂಪಡೆಯುವುದೇ ಸರಿಯೆಂದು ನಾವೇ ಸಲಹೆ ಮಾಡುತ್ತೇವೆ.

ಹದಿನೈದು ದಿನಗಳಿಗೊಮ್ಮೆ ಬರುವ ಪತ್ರಿಕೆಯು ದಿನಪತ್ರಿಕೆಯ ಜಾಗದಲ್ಲಿ ನಿಲ್ಲಲಾರದು. ನಮ್ಮ ದಿನದ ಪಿಡಿಎಫ್ ಕೂಡ ಆ ಜಾಗವನ್ನು ತುಂಬಿರಲಿಲ್ಲ, ಆದರೆ ‘ಇನ್ನು ಪತ್ರಿಕೆ ಓದುವ ಅಗತ್ಯವಿಲ್ಲ’ ಎಂಬ ಭಾವನೆ ಚಂದಾದಾರರಲ್ಲಿ ಮೂಡಿದಾಗ ನಾವು ಅದನ್ನು ತಿದ್ದಲಿಲ್ಲ. ಆ ಭಾವನೆಯಿಂದ ನಮ್ಮ ಚಂದಾ ಹೆಚ್ಚುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ದಯವಿಟ್ಟು ದಿನಕ್ಕೆ ಒಂದು ಪತ್ರಿಕೆಯನ್ನು, ಒಂದನ್ನೇ, ನಲವತ್ತೈದು ನಿಮಿಷ ಮೀರದಂತೆ ಓದಿ. ಸರ್ಕಾರದ ಯೋಜನೆಗಳ ವಿಷಯದಲ್ಲಿ ಪತ್ರಿಕಾ ಮಾಹಿತಿ ಕಚೇರಿಯ ಪ್ರಕಟಣೆಯನ್ನೇ ನೋಡಿ. ಯೋಜನೆಯ ಹಣ ಎಲ್ಲಿಂದ ಬರುತ್ತದೆ, ಯಾವ ಸಚಿವಾಲಯ ಅದನ್ನು ನಡೆಸುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಅಲ್ಲಿ ನೇರವಾಗಿ ಸಿಗುತ್ತದೆ. ‘ಯೋಜನಾ’ ಮಾಸಿಕ ಕನ್ನಡದಲ್ಲಿಯೂ ಬರುತ್ತದೆ.

ಮುಖ್ಯ ಪರೀಕ್ಷೆಗೆ ಸಿದ್ಧರಾಗುತ್ತಿರುವವರಿಗಾಗಿ ಪ್ರತಿ ಸಂಚಿಕೆಯಲ್ಲಿ 150 ಪದಗಳ 10 ಅಂಕದ ಒಂದು ಪ್ರಶ್ನೆ, 250 ಪದಗಳ 15 ಅಂಕದ ಒಂದು ಪ್ರಶ್ನೆ ಇರುತ್ತವೆ. ಒಬ್ಬರು ಒಂದು ಉತ್ತರವನ್ನು ಮಾತ್ರ ಕಳುಹಿಸಬಹುದು. ಮೌಲ್ಯಮಾಪನ ಮಾಡುವವರು ನಮ್ಮಲ್ಲಿ ಇಬ್ಬರೇ ಇದ್ದಾರೆ, ಇಬ್ಬರೂ ನಿವೃತ್ತ ಅಧ್ಯಾಪಕರು, ಕೆಂಪು ಶಾಯಿಯನ್ನು ಧಾರಾಳವಾಗಿ ಬಳಸುವವರು.

ವಾರ್ಷಿಕ ಚಂದಾ ಈಗಿರುವ 960 ರೂಪಾಯಿಯೇ ಇರುತ್ತದೆ. ಕಾಗದ ಮತ್ತು ಅಚ್ಚಿನಲ್ಲಿ ಉಳಿಯುವ ಹಣವು ಬರೆಯುವವರ ಮತ್ತು ಪರಿಶೀಲಿಸುವವರ ಗೌರವಧನಕ್ಕೆ ಹೋಗುತ್ತದೆ; ಇನ್ನು ಮುಂದೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೂಲ ದಾಖಲೆಯೊಂದಿಗೆ ತಾಳೆ ನೋಡದೆ ಯಾವ ಪುಟವೂ ಅಚ್ಚಿಗೆ ಹೋಗುವುದಿಲ್ಲ. ಈ ವ್ಯವಸ್ಥೆ ಒಪ್ಪಿಗೆಯಾಗದವರು ಈ ತಿಂಗಳ 25ರೊಳಗೆ ತಮ್ಮ ಚಂದಾ ಸಂಖ್ಯೆಯನ್ನು ನಮೂದಿಸಿ ಒಂದು ಸಾಲು ಬರೆದರೆ, ಉಳಿದ ತಿಂಗಳುಗಳ ಹಣವನ್ನು ಯಾವ ಕಡಿತವೂ ಇಲ್ಲದೆ ನಿಮ್ಮ ಖಾತೆಗೆ ಹಿಂದಿರುಗಿಸುತ್ತೇವೆ. ಕಾರಣ ಬರೆಯಬೇಕಾಗಿಲ್ಲ, ಬರೆದರೆ ಓದುತ್ತೇವೆ.

ಹಳೆಯ ಪಿಡಿಎಫ್‌ಗಳಲ್ಲಿ ನಮ್ಮ ಗಮನಕ್ಕೆ ಬಂದ ತಪ್ಪುಗಳನ್ನೆಲ್ಲ ತಾರೀಕು ಮತ್ತು ಪುಟಸಂಖ್ಯೆಯ ಸಮೇತ ಪಟ್ಟಿ ಮಾಡಿ ಮೊದಲ ಪಾಕ್ಷಿಕದ ಜೊತೆಗೇ ಕಳುಹಿಸುತ್ತೇವೆ. ಇದುವರೆಗೆ ಅದು ನಾಲ್ಕು ಪುಟಗಳಾಗಿದೆ. ನಿಮ್ಮ ಪ್ರತಿಗಳಲ್ಲಿ ನೀವು ಗುರುತಿಸಿದ ತಪ್ಪುಗಳಿದ್ದರೆ 20ನೇ ತಾರೀಕಿನೊಳಗೆ ತಿಳಿಸಿ, ಅವನ್ನೂ ಸೇರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಪಾದಕ ಮಂಡಳಿ ಮತ್ತು ಆಡಳಿತ ಮಂಡಳಿಯ ಪರವಾಗಿ)